ಡ್ರಾಯರ್‌ನಲ್ಲಿ ಒಂದು ಕವರ್ ಇತ್ತು. ಕೆಲಸಕ್ಕೆ ಸೇರಿ ಮೂರೇ ತಿಂಗಳು, ಏನು ಮಾಡಲಿ?

ಹೊಸ ಎಸ್‌ಡಿಎ

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಮಟ್ಟದ ಒಂದು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ ಮೂರು ತಿಂಗಳಾಯಿತು. ಪ್ರೊಬೇಷನ್ ಈಗಷ್ಟೇ ಶುರು. ಊರಿನ ಹೆಸರು ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ.

ಹೋದ ಶುಕ್ರವಾರ ಸಂಜೆ ಮನೆಗೆ ಹೊರಡುವಾಗ ಪೆನ್ನು ಇಡೋಣ ಅಂತ ಡ್ರಾಯರ್ ಎಳೆದೆ. ಸ್ಟಾಂಪ್ ಪ್ಯಾಡ್ ಕೆಳಗೆ ಒಂದು ಬಿಳಿ ಕವರ್. ಒಳಗೆ ಐನೂರರ ಮೂರು ನೋಟು. ಕವರ್ ಮೂಲೆಯಲ್ಲಿ ಪೆನ್ಸಿಲ್‌ನಿಂದ ನನ್ನ ಹೆಸರಿನ ಮೊದಲ ಅಕ್ಷರ. ಪಕ್ಕದ ಮೇಜಿನ ಸೀನಿಯರ್ ಅವರನ್ನು ಕೇಳಿದೆ. "ಈ ವಾರದ್ದು. ಎಲ್ಲರಿಗೂ ಇರುತ್ತೆ. ನೀನು ಯಾರ ಹತ್ರನೂ ಕೈ ಚಾಚಿಲ್ಲವಲ್ಲ, ನಿನಗೇನು ದೋಷ?" ಅಂದರು. ಅವರು ಕೆಟ್ಟವರಲ್ಲ. ಕಡತದಲ್ಲಿ ಟಿಪ್ಪಣಿ ಬರೆಯೋದು ಹೇಗೆ ಅಂತ ನನಗೆ ಕಲಿಸಿದ್ದೇ ಅವರು. ನಾನು ಕವರನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಸೋಮವಾರದಿಂದ ಯಾರೂ ನನ್ನನ್ನು ಟೀಗೆ ಕರೆಯುತ್ತಿಲ್ಲ.

ಆದರೆ ನನಗೆ ನಿದ್ದೆ ಕೆಡಿಸಿರುವುದು ಕವರ್ ಅಲ್ಲ. ನನ್ನ ಹತ್ತಿರ ಒಂದು ಪೌತಿ ಖಾತೆ ಕಡತ ಇದೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಕಡತ. ಸಾಹೇಬರು ಬಾಯಿಮಾತಲ್ಲಿ "ಇದು ಸ್ವಲ್ಪ ದಿನ ಇರಲಿ" ಅಂದಿದ್ದಾರೆ. ಅರ್ಜಿದಾರರು ವಯಸ್ಸಾದವರು. ಮೂರು ದಿನಕ್ಕೊಮ್ಮೆ ಬರುತ್ತಾರೆ. ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿರುತ್ತಾರೆ. "ಏನಾಯ್ತಮ್ಮಾ?" ಅಂತ ಕೇಳುತ್ತಾರೆ. ನಾನು "ನಡೀತಾ ಇದೆ ಅಜ್ಜಾ" ಅನ್ನುತ್ತೇನೆ. ಏನೂ ನಡೀತಾ ಇಲ್ಲ. ದುಡ್ಡು ವಾಪಸ್ ಕೊಟ್ಟೆ, ಸರಿ. ಈ ಸುಳ್ಳನ್ನು ಯಾರಿಗೆ ವಾಪಸ್ ಕೊಡಲಿ?

ರೈತನ ಮಗ

ಮೇಡಂ, ಆ ಕವರಿನ ಇನ್ನೊಂದು ತುದಿಯಲ್ಲಿ ನಮ್ಮಂಥವರು ಇರುತ್ತೇವೆ. ನಮ್ಮಪ್ಪ ಒಮ್ಮೆ ಹೀಗೇ ಒಂದು ಕಚೇರಿಯಲ್ಲಿ ದುಡ್ಡು ಕೊಟ್ಟು ಬಂದರು. ಕೆಲಸ ಆಯಿತು. ಆದರೆ ಮನೆಗೆ ಬಂದು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ದುಡ್ಡು ಹೋಯ್ತು ಅಂತ ಅಲ್ಲ. ತನ್ನ ಮಗನ ವಯಸ್ಸಿನ ಹುಡುಗನ ಮುಂದೆ ನಿಂತು "ಸ್ವಾಮಿ, ಇಷ್ಟೇ ಇರೋದು" ಅಂದಿದ್ದರಂತೆ. ಆ ಮಾತು ಅವರ ಬಾಯಿಂದ ಬಂತಲ್ಲ, ಅದು ಅವರಿಗೆ ತಡೆಯಲಾಗಲಿಲ್ಲ.

ನೀವು ವಾಪಸ್ ಕೊಟ್ಟಿದ್ದೀರಿ. ತುಂಬಾ ಥ್ಯಾಂಕ್ಸ್. ಆದರೆ ಆ ಅಜ್ಜನಿಗೆ ನಿಜ ಹೇಳಿ.

ನಿವೃತ್ತ ಶಿರಸ್ತೇದಾರ

ಮಗಳೇ, ಮೂವತ್ತನಾಲ್ಕು ವರ್ಷ ಸರ್ವಿಸ್ ಮಾಡಿ ಮನೆಯಲ್ಲಿ ಕೂತಿದ್ದೇನೆ. ನಿನಗೆ ಸರಿಯಾದ ಕಡೆ ನೋವಾಗಿದೆ. ಹೊಸಬರು ಕವರ್ ನೋಡಿ ಹೆದರುತ್ತಾರೆ. ನೀನು ಕಡತ ನೋಡಿ ಹೆದರಿದ್ದೀಯ.

ಲಂಚ ದುಡ್ಡಿನಿಂದ ಶುರುವಾಗುವುದಿಲ್ಲ, ತಡದಿಂದ ಶುರುವಾಗುತ್ತದೆ. ಕಟ್ಟಿನ ಮೇಲಿದ್ದ ಕಡತ ಕೆಳಗೆ ಹೋಗುತ್ತದೆ. ಯಾರೂ ಏನೂ ಕೇಳುವುದಿಲ್ಲ. ಅರ್ಜಿದಾರ ಬರುತ್ತಾನೆ, "ನಡೀತಾ ಇದೆ" ಅನ್ನುತ್ತಾರೆ. ನಾಲ್ಕನೇ ಸಲ ಬಂದಾಗ ಅವನೇ ಬಾಗಿಲ ಹತ್ತಿರ ನಿಂತವರನ್ನು ಕೇಳುತ್ತಾನೆ, "ಏನಾದರೂ ಕೊಡಬೇಕಾ?" ಅಂತ. ಆಗ ಒಳಗಿನವರು "ನಾವು ಕೇಳೇ ಇಲ್ಲವಲ್ಲ, ಅವರೇ ಕೊಟ್ಟರು" ಅಂತ ನೆಮ್ಮದಿಯಾಗಿ ಹೇಳಬಹುದು. ನಿನ್ನ ಸೀನಿಯರ್ ಹೇಳಿದ್ದೂ ಇದೇ ಮಾತು. ಕೈ ಚಾಚದೆ ಬಾಯಿ ತೆರೆಯದೆ ವಸೂಲಿ ಆಗುತ್ತದೆ. ಅದಕ್ಕೆ ಬೇಕಾಗಿರುವುದು ನೀನು ಅಜ್ಜನಿಗೆ ಹೇಳಿದ ಆ ಒಂದು ಮಾತು ಮಾತ್ರ.

ಭೂಮಿ ಯೋಜನೆ ಬಂದಾಗ ನಾನು ಕಣ್ಣಾರೆ ನೋಡಿದೆ. ಅದಕ್ಕೆ ಮೊದಲು ಪಹಣಿ ಕೈಬರಹದಲ್ಲಿತ್ತು, ಪುಸ್ತಕ ಗ್ರಾಮ ಲೆಕ್ಕಿಗರ ಹತ್ತಿರ ಇರುತ್ತಿತ್ತು. ಅವರು ಸಿಕ್ಕಿದರೆ ಸಿಕ್ಕಿತು. 2000ದ ಆಸುಪಾಸಿನಲ್ಲಿ ದಾಖಲೆ ಕಂಪ್ಯೂಟರ್‌ಗೆ ಹೋಯಿತು, ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರತೊಡಗಿತು. ಖಾತೆ ಬದಲಾವಣೆ ಅರ್ಜಿಗಳಿಗೆ ಮೊದಲು ಬಂದದ್ದು ಮೊದಲು ಅನ್ನೋ ಸರದಿ ಹಾಕಿದರು. ಎಲ್ಲಿ ಸರದಿ ಮುರಿಯೋಕೆ ಆಗಲಿಲ್ಲವೋ ಅಲ್ಲಿ ಕವರ್ ನಿಂತಿತು. ಎಲ್ಲಿ ಇನ್ನೂ ಒಬ್ಬ ಮನುಷ್ಯ "ಇದು ಇರಲಿ" ಅನ್ನಬಹುದೋ ಅಲ್ಲಿಗೆ ಅದು ಜಾಗ ಬದಲಾಯಿಸಿತು. ಅದಕ್ಕೇ ಹೇಳುತ್ತೇನೆ, "ಇದು ಇರಲಿ" ಅನ್ನುವ ಆ ಎರಡು ಪದದ ಮೇಲೆ ಕಣ್ಣಿಡು.

ಈಗ ಮಾಡಬೇಕಾದ ಕೆಲಸ ಹೇಳುತ್ತೇನೆ. ಸಾಹೇಬರ ಜೊತೆ ಜಗಳ ಬೇಡ. ನಾಳೆ ಬೆಳಿಗ್ಗೆ ಆ ಕಡತ ತೆಗೆದು ಟಿಪ್ಪಣಿ ಬರೆ. "ತಮ್ಮ ಮೌಖಿಕ ಸೂಚನೆಯಂತೆ ಸದರಿ ಕಡತವನ್ನು ದಿನಾಂಕ ಇಂಥದರಿಂದ ತಡೆಹಿಡಿಯಲಾಗಿದೆ. ಅರ್ಜಿದಾರರಿಗೆ ಉತ್ತರಿಸಬೇಕಾಗಿರುವುದರಿಂದ ಕಾರಣ ಸಹಿತ ಆದೇಶ ಕೋರಿ ಮಂಡಿಸಿದೆ." ಇಷ್ಟೇ. ಕೆಳಗೆ ಸಹಿ, ದಿನಾಂಕ. ಇದರಲ್ಲಿ ಒಂದು ಬೈಗುಳ ಇಲ್ಲ, ಒಂದು ಆರೋಪ ಇಲ್ಲ. ಆದರೆ ಬಾಯಲ್ಲಿದ್ದ ಮಾತು ಕಾಗದಕ್ಕೆ ಬಂತು. ಕಾಗದಕ್ಕೆ ಬಂದ ಮಾತಿಗೆ ಯಾರಾದರೂ ಹೊಣೆ ಹೊರಲೇಬೇಕು.

ಕಪ್ಪು ಕೋಟು

ಶಿರಸ್ತೇದಾರ್ ಸರ್ ಹೇಳಿದ್ದಕ್ಕೆ ಕಾನೂನಿನ ಬಲವೂ ಇದೆ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡಬಾರದು, ಅಂಥ ಆದೇಶ ಬಂದರೆ ಅದನ್ನು ದಾಖಲಿಸಬೇಕು. ಬರೆದಿಡದೇ ಇದ್ದರೆ ಮಾಹಿತಿ ಹಕ್ಕಿಗೂ ಅರ್ಥ ಇರುವುದಿಲ್ಲ. ಕಾಗದದಲ್ಲಿ ಇಲ್ಲದ್ದನ್ನು ಜನ ಹೇಗೆ ಕೇಳುತ್ತಾರೆ?

ಕವರ್ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ ತಂಗಿ. "ನಾನು ಕೇಳಿಲ್ಲ" ಅನ್ನೋದು ಕೋರ್ಟಿನಲ್ಲಿ ನಿಲ್ಲುವ ಮಾತಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಕಲಂ ಪ್ರಕಾರ ಕೇಳುವುದು ಮಾತ್ರ ಅಪರಾಧ ಅಲ್ಲ, ತೆಗೆದುಕೊಳ್ಳುವುದೂ ಅಪರಾಧ. ಬೇರೆಯವರ ಮೂಲಕ ಬಂದರೂ ಅಷ್ಟೇ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ, ಜೊತೆಗೆ ದಂಡ. ನೀವು ವಾಪಸ್ ಇಟ್ಟಿದ್ದು ಒಳ್ಳೆಯದು. ಆದರೆ ಇಟ್ಟಿದ್ದಕ್ಕೆ ಸಾಕ್ಷಿ ಇಲ್ಲ. ಇವತ್ತೇ ದಿನಾಂಕ, ಸಮಯ, ಏನು ನಡೆಯಿತು ಅಂತ ಬರೆದು ನಿಮ್ಮ ಮೇಲಧಿಕಾರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅವರನ್ನೇ ನಂಬೋಕೆ ಆಗದಿದ್ದರೆ ಅವರ ಮೇಲಿನವರಿಗೆ ಕೊಡಿ. ಹಾಗೂ ಆಗದಿದ್ದರೆ ಲೋಕಾಯುಕ್ತ ಇದೆ.

ಮೂರನೇ ಮಹಡಿ

ಎಲ್ಲರೂ ಇಷ್ಟು ಸುಲಭವಾಗಿ ಹೇಳುತ್ತಿದ್ದೀರಿ. ನಾನೂ ಸರ್ಕಾರಿ ನೌಕರ. ಒಳಗಿನ ಕಷ್ಟ ಸ್ವಲ್ಪ ಕೇಳಿ. ಪ್ರಿಂಟರ್ ಟೋನರ್ ಮುಗಿದರೆ ಬಿಲ್ ಪಾಸಾಗುವ ತನಕ ಯಾರ ಜೇಬಿನಿಂದ ತರಬೇಕು? ಮೇಲಿನವರು ಪರಿಶೀಲನೆಗೆ ಬಂದರೆ ಊಟ, ಗಾಡಿ, ಹಾರ, ಇದೆಲ್ಲ ಯಾವ ಅನುದಾನದಿಂದ? ಹೊರಗುತ್ತಿಗೆಯ ಡೇಟಾ ಎಂಟ್ರಿ ಹುಡುಗರಿಗೆ ಸಂಬಳ ತಿಂಗಳುಗಟ್ಟಲೆ ಬರಲ್ಲ. ಆ ಕವರಿನ ದುಡ್ಡಲ್ಲಿ ಅರ್ಧ ಇಂಥದಕ್ಕೇ ಹೋಗುತ್ತೆ. ತಪ್ಪು ಅಂತ ನನಗೂ ಗೊತ್ತು. ಆದರೆ ಮೂರು ತಿಂಗಳ ಹುಡುಗಿಗೆ ಹೋರಾಟ ಮಾಡು ಅಂತ ಹೇಳಿ ನೀವು ಮನೆಯಲ್ಲಿ ಕೂರುತ್ತೀರಿ. ವರ್ಗಾವಣೆ ಆಗೋದು ಆಕೆಗೆ.

ನಿವೃತ್ತ ಶಿರಸ್ತೇದಾರ

ತಮ್ಮಾ, ಟೋನರ್ ಮಾತು ನಿಜ. ನಾನೂ ಜೇಬಿನಿಂದ ಹಾಕಿದ್ದೇನೆ. ಹೊರಗುತ್ತಿಗೆ ಮಕ್ಕಳ ಕಷ್ಟವೂ ನಿಜ, ಅದು ದೊಡ್ಡ ಅನ್ಯಾಯ. ಆದರೆ ಒಂದು ಮಾತು ಕೇಳು. ಟೋನರ್‌ಗೆ ಅಂತ ಶುರುವಾದದ್ದು ಟೋನರ್‌ಗೇ ನಿಂತಿದ್ದನ್ನು ನೀನು ನೋಡಿದ್ದೀಯಾ? ನಾನು ನೋಡಿಲ್ಲ. ಟೋನರ್ ಇಲ್ಲ ಅಂದರೆ ಇಲ್ಲ ಅಂತ ಬರೆಯಬೇಕು. ಆ ಪತ್ರ ಮೇಲೆ ಹೋಗಬೇಕು. ನಾವು ಕವರಿನಿಂದ ಕೊರತೆ ತುಂಬಿಸಿದಷ್ಟು ದಿನ ಮೇಲಿನವರಿಗೆ ಕೊರತೆ ಕಾಣುವುದೇ ಇಲ್ಲ. ಆ ಬಿಲ್ಲನ್ನು ಅಜ್ಜನ ಪ್ಲಾಸ್ಟಿಕ್ ಚೀಲದಿಂದ ವಸೂಲಿ ಮಾಡುತ್ತಿದ್ದೇವೆ, ಅಲ್ವಾ?

ಕಾಯಂ ನೌಕರರ ವಿಷಯ ಬೇರೆ. ರಾಜ್ಯದ 7ನೇ ವೇತನ ಆಯೋಗದ ನಂತರ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿ ಆಯಿತು, 2024ರ ಆಗಸ್ಟ್‌ನಿಂದ. ಸಂಬಳ ಸಾಲಲ್ಲ ಅನ್ನೋ ಮಾತನ್ನು ನಾವು ಇನ್ನು ಆಡಬಾರದು.

ಸ್ಪರ್ಧಾರ್ಥಿ

ಸರ್, ನಾನು ಯುಪಿಎಸ್‌ಸಿಗೆ ಓದುತ್ತಿದ್ದೇನೆ. 2013ರಿಂದ ಮುಖ್ಯ ಪರೀಕ್ಷೆಯಲ್ಲಿ ನೀತಿ, ಪ್ರಾಮಾಣಿಕತೆಗೇ 250 ಅಂಕದ ಒಂದು ಪೇಪರ್ ಇದೆ. ಇಂಥ ಪ್ರಕರಣಗಳನ್ನೇ ಕೊಡುತ್ತಾರೆ, ನಾವು ಆಯ್ಕೆಗಳನ್ನು ಬರೆದು ಒಂದನ್ನು ಆರಿಸುತ್ತೇವೆ. ಈ ಚರ್ಚೆ ಓದಿದ ಮೇಲೆ ನನ್ನ ಉತ್ತರಗಳೆಲ್ಲ ತೀರಾ ತೆಳುವಾಗಿ ಕಂಡವು. ಟೀಗೆ ಕರೆಯದೇ ಇರೋದು ಎಷ್ಟು ನೋಯಿಸುತ್ತೆ ಅಂತ ನಾನು ಯಾವ ಉತ್ತರದಲ್ಲೂ ಬರೆದಿಲ್ಲ.

ಒಂದು ಪ್ರಶ್ನೆ. ವೀರಪ್ಪ ಮೊಯ್ಲಿ ಅವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಆಡಳಿತದಲ್ಲಿ ನೀತಿ ಅನ್ನೋ ವಿಷಯದ ಮೇಲೆಯೇ ಒಂದು ವರದಿ ಕೊಟ್ಟಿತು. ಅದರಲ್ಲಿ ಬಲವಂತದ ಲಂಚ ಬೇರೆ, ಇಬ್ಬರೂ ಸೇರಿ ಸರ್ಕಾರಕ್ಕೆ ಮೋಸ ಮಾಡುವ ಲಂಚ ಬೇರೆ ಅಂತ ಹೇಳಿದ್ದಾರೆ. ಎರಡನೆಯದಕ್ಕೆ ಎರಡರಷ್ಟು ಶಿಕ್ಷೆ ಇರಲಿ ಅಂತ ಶಿಫಾರಸು ಇತ್ತು. ಈ ಕವರ್ ಯಾವುದಕ್ಕೆ ಸೇರುತ್ತೆ?

ಕಪ್ಪು ಕೋಟು

ಒಳ್ಳೆಯ ಪ್ರಶ್ನೆ. ಅಜ್ಜನಂಥವರು ಕೊಟ್ಟದ್ದಾದರೆ ಬಲವಂತದ್ದು. ಗುತ್ತಿಗೆದಾರ ಕಳಪೆ ಕೆಲಸ ಮಾಡಿ ಬಿಲ್ ಪಾಸು ಮಾಡಿಸಿಕೊಂಡದ್ದಾದರೆ ಇನ್ನೊಂದು. ಕವರಿನ ಒಳಗೆ ಎರಡೂ ಬೆರೆತಿರುತ್ತವೆ. ನೋಟು ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗಲ್ಲ.

2018ರ ತಿದ್ದುಪಡಿ ಈ ವ್ಯತ್ಯಾಸವನ್ನು ಸ್ವಲ್ಪ ಮಟ್ಟಿಗೆ ಗಮನಿಸಿತು. ಈಗ ಲಂಚ ಕೊಡುವುದೂ ಅಪರಾಧ. ಆದರೆ ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆ ಇದೆ. ಮೊದಲೇ ತಿಳಿಸಿ, ಅವರ ಸಹಾಯಕ್ಕಾಗಿ ಕೊಟ್ಟರೆ ಅದು ಅಪರಾಧವೇ ಅಲ್ಲ. ಈ 7 ದಿನದ ವಿಷಯ ಹಳ್ಳಿಗಳಲ್ಲಿ ಯಾರಿಗೂ ಗೊತ್ತಿಲ್ಲ. ದಯವಿಟ್ಟು ನಾಲ್ಕು ಜನಕ್ಕೆ ಹೇಳಿ.

ಟ್ರ್ಯಾಪ್ ದೂರುದಾರ

ನಾನು ಹಾಗೆ ಮೊದಲೇ ತಿಳಿಸಿದವನು. ಎರಡು ರಾತ್ರಿ ಯೋಚಿಸಿ ಹೋದೆ. ನನ್ನ ಅನುಭವ ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

ದೂರು ಬರೆಸಿಕೊಂಡರು, ಎಫ್‌ಐಆರ್ ಆಯಿತು. ಬೇರೆ ಇಲಾಖೆಯ ಇಬ್ಬರು ನೌಕರರನ್ನು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಕರೆಸಿದರು. ನಾನು ತಂದಿದ್ದ ನೋಟುಗಳ ನಂಬರ್ ಒಂದೊಂದೇ ಬರೆದುಕೊಂಡರು. ನೋಟಿಗೆ ಫಿನಾಲ್ಫ್ತಲೀನ್ ಅನ್ನೋ ಬಿಳಿ ಪುಡಿ ಸವರಿದರು. ನೋಟು ಮುಟ್ಟಿದವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿ ತೋರಿಸಿದರು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. "ಅವರು ಕೇಳಿದರೆ ಮಾತ್ರ ಕೊಡಿ. ನೀವಾಗಿ ಚಾಚಬೇಡಿ" ಅಂತ ಮೂರು ಸಲ ಹೇಳಿದರು. ಆ ಮಾತು ಇನ್ನೂ ಕಿವಿಯಲ್ಲಿದೆ. ಇಡೀ ಕೇಸು ಅದರ ಮೇಲೆ ನಿಂತಿರುತ್ತದೆ.

ಮೇಜಿನ ಹತ್ತಿರ ನಿಂತಾಗ ನನ್ನ ಕಾಲು ನಡುಗುತ್ತಿತ್ತು. ಅವರು "ತಂದ್ಯಾ?" ಅಂದರು. ಕೊಟ್ಟೆ. ಹೊರಗೆ ಬಂದು ತಲೆ ಮೇಲೆ ಕೈ ಸವರಿಕೊಂಡೆ, ಪೊಲೀಸರಿಗೆ ಕೊಡಬೇಕಾಗಿದ್ದ ಸನ್ನೆ ಅದು. ಹತ್ತು ನಿಮಿಷದ ನಂತರ ಅವರ ಕೈ ತೊಳೆಸಿದ ನೀರೂ ಗುಲಾಬಿ. ಅವರು ನನ್ನನ್ನೇ ನೋಡುತ್ತಿದ್ದರು. ನನಗೆ ಖುಷಿ ಆಗಲಿಲ್ಲ, ಸುಮ್ನೆ ಹೇಳುತ್ತಿಲ್ಲ. ಹೊಟ್ಟೆ ತೊಳಸಿದ ಹಾಗೆ ಆಯಿತು.

ನನ್ನ ಕೇಸು ಎಸಿಬಿಯಲ್ಲಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳದಲ್ಲಿ, ಶುರುವಾಯಿತು. 2016ರಲ್ಲಿ ಲೋಕಾಯುಕ್ತ ಪೊಲೀಸರ ಈ ಅಧಿಕಾರ ಕಿತ್ತು ಎಸಿಬಿ ಮಾಡಿದ್ದರಲ್ಲ, ಅದೇ. 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿ ರದ್ದು ಮಾಡಿತು. ಕಡತ ಲೋಕಾಯುಕ್ತಕ್ಕೆ ಹೋಯಿತು. ಅಷ್ಟರಲ್ಲಿ ವರ್ಷಗಳು ಕಳೆದವು. ಊರಲ್ಲಿ ಜನ "ಒಂದು ಮನೆ ಹಾಳು ಮಾಡಿದ" ಅಂದರು. ಹೀಗೆ ಅಂದವರಲ್ಲಿ ಅದೇ ಕಚೇರಿಯಲ್ಲಿ ದುಡ್ಡು ಕೊಟ್ಟವರೂ ಇದ್ದರು. ಇದನ್ನೇ ಜಾಸ್ತಿ ನೋವಿನಿಂದ ಹೇಳುತ್ತಿದ್ದೇನೆ.

ಕಪ್ಪು ಕೋಟು

ಅಣ್ಣಾ, ನಿಮ್ಮಂಥವರು ಸುಸ್ತಾಗಿ ಹಿಂದೆ ಸರಿಯುತ್ತಾರೆ ಅಂತಲೇ ಕೇಸುಗಳು ಬೀಳುತ್ತಿದ್ದವು. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಒಂದು ಮುಖ್ಯ ಮಾತು ಹೇಳಿದೆ, ನೀರಜ್ ದತ್ತಾ ಪ್ರಕರಣದಲ್ಲಿ. ದೂರುದಾರ ತೀರಿಕೊಂಡರೂ, ಉಲ್ಟಾ ಸಾಕ್ಷಿ ಹೇಳಿದರೂ, ಉಳಿದ ಸಾಕ್ಷ್ಯ ಮತ್ತು ಸಂದರ್ಭಗಳಿಂದ ಬೇಡಿಕೆ, ಸ್ವೀಕಾರ ಎರಡನ್ನೂ ಸಾಬೀತು ಮಾಡಬಹುದು ಅಂತ. ಭಾರ ಎಲ್ಲಾ ನಿಮ್ಮೊಬ್ಬರ ಹೆಗಲ ಮೇಲೆ ಇಲ್ಲ ಈಗ.

ಹೊಸ ಎಸ್‌ಡಿಎ

ಎಲ್ಲಾ ಓದಿದೆ. ಎರಡು ಸಲ ಓದಿದೆ. ಟ್ರ್ಯಾಪ್ ಬಗ್ಗೆ ಬರೆದ ಅಣ್ಣನಿಗೆ ಕೈಮುಗಿಯುತ್ತೇನೆ.

ನಿಜ ಹೇಳುತ್ತೇನೆ, ನನಗೆ ಭಯ ಇದೆ. ಅಮ್ಮ ಫೋನಿನಲ್ಲಿ ಮಂಜುನಾಥ್ ಷಣ್ಮುಗಂ ಹೆಸರು ಹೇಳಿದರು. ಕೆಜಿಎಫ್‌ನಲ್ಲಿ ಬೆಳೆದ ಹುಡುಗ, ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿ. ಉತ್ತರ ಪ್ರದೇಶದ ಲಖಿಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಪೆಟ್ರೋಲ್ ಬಂಕಿನ ಮೇಲೆ ಕ್ರಮ ಕೈಗೊಂಡಿದ್ದಕ್ಕೆ 2005ರ ನವೆಂಬರ್‌ನಲ್ಲಿ ಕೊಂದರು. ಆಗ ಅವರಿಗೆ 27 ವರ್ಷ. ನನಗೂ 27.

ನಿವೃತ್ತ ಶಿರಸ್ತೇದಾರ

ನಿಮ್ಮಮ್ಮನ ಭಯಕ್ಕೆ ನಾನು ಉತ್ತರ ಕೊಡಲಾರೆ ಮಗಳೇ. ಅಕ್ರಮ ಬಯಲಿಗೆಳೆಯುವವರನ್ನು ಕಾಪಾಡಬೇಕು ಅಂತ 2014ರಲ್ಲಿ ಕಾನೂನು ಮಾಡಿದರು. ಅದನ್ನು ಜಾರಿಗೇ ತರಲಿಲ್ಲ. ಈ ದೇಶ ತನ್ನ ಒಳ್ಳೆಯ ಮಕ್ಕಳಿಗೆ ಮಾಡಿದ ದ್ರೋಹ ಅದು.

ಆದರೆ ನೀನು ಯುದ್ಧಕ್ಕೆ ಹೋಗಬೇಕಾಗಿಲ್ಲ. ನಿನ್ನ ಮೇಜಿನ ಮೇಲಿರುವ ಕಡತಕ್ಕೆ ನೀನು ಬರೆಯಬೇಕಾದ ಟಿಪ್ಪಣಿ ಬರೆ, ಸಾಕು. ನಿನ್ನ ಕೆಲಸ ಅದೇ. ಒಬ್ಬಳೇ ಕೂತು ನಿರ್ಧಾರ ಮಾಡಬೇಡ, ಏನಾದರೂ ಆದರೆ ಇಲ್ಲಿಗೆ ಬಾ.

ಹಕ್ಕಿನ ಅರ್ಜಿ

ಒಂದು ಮಾತು ಸೇರಿಸುತ್ತೇನೆ. ಆ ಅಜ್ಜನಿಗೆ ಸಕಾಲ ಸ್ವೀಕೃತಿ ಕೊಟ್ಟಿದ್ದಾರಾ ನೋಡಿ. ಸಕಾಲ ಅಂದರೆ ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಅನ್ನುವ ರಾಜ್ಯದ ಯೋಜನೆ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಪಟ್ಟಿಯಲ್ಲಿರುವ ಸೇವೆಗೆ ಗಡುವು ಇರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಆದರೆ ತಡ ಮಾಡಿದವರ ಸಂಬಳದಿಂದ ಹೋಗಬೇಕು. ಆ ಸ್ವೀಕೃತಿ ಇಲ್ಲದೆ ಬರೀ ಕೈಗೆ ಅರ್ಜಿ ತೆಗೆದುಕೊಂಡಿದ್ದರೆ ಆಟ ಅಲ್ಲೇ ಶುರುವಾಗಿದೆ.

ಹೊಸ ಎಸ್‌ಡಿಎ

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಕವರ್ ವಿಷಯ ಬರೆದು ಕೊಟ್ಟೆ, ಸ್ವೀಕೃತಿ ಸಿಕ್ಕಿದೆ. ಅದರ ಬಗ್ಗೆ ಇಲ್ಲಿ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಕಡತದಲ್ಲಿ ಶಿರಸ್ತೇದಾರ್ ಸರ್ ಹೇಳಿದ ಹಾಗೇ ಟಿಪ್ಪಣಿ ಬರೆದು ಮಂಡಿಸಿದೆ. ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಸಾಹೇಬರು ಕರೆದು "ಯಾರು ಹೇಳಿಕೊಟ್ಟರು ನಿನಗೆ?" ಅಂದರು. ನಾನು ಸುಮ್ಮನಿದ್ದೆ. ಕೈ ನಡುಗುತ್ತಿತ್ತು, ಫೈಲಿನ ದಾರ ಹಿಡಿದುಕೊಂಡು ನಿಂತಿದ್ದೆ. ಅವರು ನಿಯಮಾನುಸಾರ ಕ್ರಮ ವಹಿಸಿ ಅಂತ ಬರೆದು ಸಹಿ ಹಾಕಿ ಕಡತ ನನ್ನ ಕಡೆ ತಳ್ಳಿದರು.

ಆಮೇಲೆ ಕೂತು ಮೊದಲ ಪುಟದಿಂದ ಓದಿದೆ. ನಾನು ಅಲ್ಲಿಯವರೆಗೆ ಅದನ್ನು ಪೂರ್ತಿ ಓದಿರಲೇ ಇಲ್ಲ, ಅದೂ ನನ್ನ ತಪ್ಪು. ಅಜ್ಜನ ಅಪ್ಪನ ಹೆಸರು ಪಹಣಿಯಲ್ಲಿ ಒಂದು ಥರ, ಮರಣ ಪ್ರಮಾಣ ಪತ್ರದಲ್ಲಿ ಇನ್ನೊಂದು ಥರ ಇತ್ತು. ಒಂದು ಅಕ್ಷರದ ವ್ಯತ್ಯಾಸ. ಎರಡೂ ಒಬ್ಬರೇ ಅಂತ ಒಂದು ಅಫಿಡವಿಟ್ ಬೇಕಿತ್ತು. ಅಷ್ಟೇ. ಏಳು ತಿಂಗಳಿಂದ ಅವರು ಬಂದು ಹೋಗುತ್ತಿದ್ದರು, ಒಬ್ಬರೂ ಅವರಿಗೆ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಕೆಲಸ ಆಗಿಬಿಡುತ್ತಿತ್ತಲ್ಲ.

ಹಿಂಬರಹ, ಅಂದರೆ ಅರ್ಜಿಗೆ ಕಚೇರಿಯಿಂದ ಕೊಡುವ ಲಿಖಿತ ಉತ್ತರ, ಬರೆದು ಅವರ ಕೈಗೇ ಕೊಟ್ಟೆ. ಅಜ್ಜನಿಗೆ ಓದೋಕೆ ಬರಲ್ಲ, ನಾನೇ ಓದಿ ಹೇಳಿದೆ. ಇಷ್ಟು ದಿನ "ನಡೀತಾ ಇದೆ" ಅಂದದ್ದು ಸುಳ್ಳು ಅಂತಲೂ ಹೇಳಿದೆ. ಅವರು ನನ್ನ ಮುಖ ನೋಡಿದರು. "ನನಗೂ ಗೊತ್ತಿತ್ತಮ್ಮಾ" ಅಂದರು. ನಾಲ್ಕು ದಿನದಲ್ಲಿ ಅಫಿಡವಿಟ್ ತಂದುಕೊಟ್ಟರು. ಕಡತ ಈಗ ಸರದಿಯಲ್ಲಿದೆ.

ಸೀನಿಯರ್ ಇನ್ನೂ ಮಾತಾಡುತ್ತಿಲ್ಲ. ಹೊರಗುತ್ತಿಗೆಯ ಒಬ್ಬ ಹುಡುಗ ಮೊನ್ನೆ ಬಂದು ಹಿಂಬರಹ ಬರೆಯೋದು ಹೇಗೆ ಅಂತ ಕೇಳಿದ.

ಮೂರನೇ ಮಹಡಿ

ಮೇಡಂ, ಹಿಂದೆ ನಾನು ಬರೆದದ್ದರಲ್ಲಿ ಟೋನರ್ ಮಾತನ್ನು ವಾಪಸ್ ತಗೊಳ್ಳಲ್ಲ, ಉಳಿದದ್ದನ್ನು ತಗೊಳ್ಳುತ್ತೇನೆ. ಆ ಹಿಂಬರಹದ ಒಕ್ಕಣೆ ಇಲ್ಲಿ ಹಾಕುತ್ತೀರಾ? ನನ್ನ ಹತ್ತಿರವೂ ಹಾಗೇ ಇರುವ ಹನ್ನೊಂದು ಕಡತ ಇವೆ.

ಹೊಸ ಎಸ್‌ಡಿಎ

ಹಾಕುತ್ತೇನೆ ಸರ್. ಹೆಸರು, ನಂಬರ್ ತೆಗೆದಿದ್ದೇನೆ.

"ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ಪಹಣಿ ಹಾಗೂ ಮರಣ ಪ್ರಮಾಣ ಪತ್ರದಲ್ಲಿ ಖಾತೆದಾರರ ಹೆಸರು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಎರಡೂ ಹೆಸರು ಒಬ್ಬರದೇ ಎಂಬ ಬಗ್ಗೆ ಅಫಿಡವಿಟ್ ಸಲ್ಲಿಸಿದಲ್ಲಿ ಮುಂದಿನ ಕ್ರಮ ವಹಿಸಲಾಗುವುದು. ಇದನ್ನು ಹೊರತುಪಡಿಸಿ ತಮ್ಮಿಂದ ಬೇರಾವ ದಾಖಲೆಯೂ ಬಾಕಿ ಇರುವುದಿಲ್ಲ."

ಕೊನೆಯ ಸಾಲು ನಮ್ಮ ಕಚೇರಿಯ ಹಳೆಯ ಮಾದರಿಯಲ್ಲಿ ಇರಲಿಲ್ಲ. ನಾನೇ ಸೇರಿಸಿದೆ.